ಗೇಟಿನಲ್ಲಿ ಸಿಕ್ಕ ಬಿಪಿ ಆಸ್ಪತ್ರೆಗೆ ಯಾಕೆ ಮುಟ್ಟುತ್ತಿಲ್ಲ?

ತೋರಣಗಲ್ಲು, ಗಿಣಿಗೇರಿ, ಶಕ್ತಿನಗರದ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಕಡೆ ಗುತ್ತಿಗೆ ಕೆಲಸ ಹುಡುಕಿಕೊಂಡು ಹೋಗುವ ಹುಡುಗರಿಗೆ ‘ಮೆಡಿಕಲ್’ ಅಂದರೆ ಒಂದು ಪರೀಕ್ಷೆ ಇದ್ದ ಹಾಗೆ. ಗೇಟ್ ಪಾಸ್ ಬೇಕಂದರೆ ಮೆಡಿಕಲ್ ಆಗಬೇಕು. ಎತ್ತರದಲ್ಲಿ ನಿಂತು ಮಾಡುವ ಕೆಲಸವಾದರೆ ಹೈಟ್ ಪಾಸ್ ಬೇರೆ. ಕಣ್ಣು, ಕಿವಿ, ತೂಕ ಎಲ್ಲ ನೋಡಿ ಕೊನೆಗೆ ತೋಳಿಗೆ ಪಟ್ಟಿ ಸುತ್ತುತ್ತಾರೆ. 150/100 ಬಂತು ಅನ್ನಿ, ಅನ್‌ಫಿಟ್. ಎರಡು ದಿನ ಬಿಟ್ಟು ಬಾ ಅಂತಾರೆ.

ಹೊರಗೆ ಕಾಯುವ ಮೇಸ್ತ್ರಿಗೆ ಇದೇನು ಹೊಸದಲ್ಲ. “ಒಂದು ಗುಳಿಗಿ ನುಂಗಿ, ರಾತ್ರಿ ಛಲೋ ನಿದ್ದಿ ಮಾಡಿ ಬಾರಪ್ಪ, ಆಗತೈತಿ” ಅಂತಾನೆ. ಹುಡುಗ ಅಂಗಡಿಯಲ್ಲಿ ಚೀಟಿ ಇಲ್ಲದೇ ಬಿಪಿ ಇಳಿಸುವ ಎರಡು ಅಮ್ಲೊಡಿಪಿನ್ ಗುಳಿಗೆ ಕೊಳ್ಳುತ್ತಾನೆ. ಮೂರನೇ ದಿನ 136/88. ಪಾಸ್ ಕೈಗೆ ಬರುತ್ತದೆ, ಗುಳಿಗೆಯ ಕಥೆ ಅಲ್ಲಿಗೆ ಮುಗಿಯುತ್ತದೆ. ಇದು ಯಾವುದೋ ಒಂದು ಕಂಪನಿಯ ಮಾತಲ್ಲ. ದಿನಗೂಲಿ ಮತ್ತು ಫಿಟ್ನೆಸ್ ಸರ್ಟಿಫಿಕೇಟ್ ಒಂದೇ ಹಗ್ಗಕ್ಕೆ ಕಟ್ಟಿರುವ ಕಡೆಯಲ್ಲೆಲ್ಲ ಹೀಗೆ ಆಗುವುದಕ್ಕೆ ದಾರಿ ಇದೆ.

ತಮಾಷೆ ಏನಂದರೆ, ಅಮ್ಲೊಡಿಪಿನ್ ತನ್ನ ಪೂರ್ತಿ ಕೆಲಸ ತೋರಿಸಲು ಸುಮಾರು ಒಂದು ವಾರ ಬೇಕು. ಮೂರನೇ ದಿನ ಇಳಿದದ್ದರಲ್ಲಿ ಗುಳಿಗೆಯ ಪಾಲೆಷ್ಟು, ಮೊದಲ ದಿನದ ಗಾಬರಿ ಹೋದದ್ದರ ಪಾಲೆಷ್ಟು, ಎರಡು ರಾತ್ರಿ ನೆಟ್ಟಗೆ ಮಲಗಿದ್ದರ ಪಾಲೆಷ್ಟು? ಹೇಳುವವರಿಲ್ಲ. ಆ ಹುಡುಗನಿಗೆ ನಿಜಕ್ಕೂ ಬಿಪಿ ಇದೆಯೋ ಇಲ್ಲವೋ ಅನ್ನೋದೇ ತೀರ್ಮಾನ ಆಗಲಿಲ್ಲ. ಇದ್ದರೂ ಅವನು ಇನ್ನು ಮೇಲೆ ಅದನ್ನು ಯಾರ ಮುಂದೆಯೂ ಹೇಳುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತೆ ಅನ್ನೋದು ಅವನಿಗೆ ಪಾಠ ಆಗಿದೆ.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಯುವಕರ ಬಿಪಿ ಬಗ್ಗೆ ಮಾತು ಬಂದಾಗೆಲ್ಲ ‘ಜಾಗೃತಿ ಇಲ್ಲ’ ಅಂತ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಈ ವಯಸ್ಸಿನವರ ಬಿಪಿಯನ್ನು ಅಲ್ಲಲ್ಲಿ ಅಳೆಯುತ್ತಲೇ ಇದ್ದಾರೆ. ಕಾರ್ಖಾನೆ ಗೇಟಿನಲ್ಲಿ, ರಕ್ತದಾನ ಶಿಬಿರದಲ್ಲಿ, ಗರ್ಭಿಣಿಯರ ತಪಾಸಣೆಯಲ್ಲಿ. ಅಳೆಯುವ ಜಾಗದಿಂದ ಗುಳಿಗೆ ಕೊಡುವ ಜಾಗಕ್ಕೆ ದಾರಿ ಮಾತ್ರ ಇಲ್ಲ.

ಮೂವತ್ತರ ಗೆರೆ

ಸರ್ಕಾರದ ಬಿಪಿ, ಶುಗರ್ ತಪಾಸಣೆ ಶುರುವಾಗುವುದು 30 ವರ್ಷಕ್ಕೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ನಮೂನೆಯೂ 30 ದಾಟಿದವರಿಗೇ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆ ಹರಡಿದ ಗೃಹ ಆರೋಗ್ಯ ಯೋಜನೆಯೂ 30ರ ಮೇಲಿನವರನ್ನು ನೋಡುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ, ಒಳ್ಳೆಯದೇ. ಆದರೆ ಅದು 40 ದಾಟಿದ ಕಾರ್ಮಿಕರಿಗೆ. ಲೆಕ್ಕ ಹಾಕುವವರೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಭಾರತದಲ್ಲಿ 18.8 ಕೋಟಿ ಜನರಿಗೆ ಬಿಪಿ ಇದೆ ಅಂತ ಹೇಳಿತು. ಅದು 30ರಿಂದ 79 ವರ್ಷದವರ ಲೆಕ್ಕ. ಅವರಲ್ಲಿ ತಮಗೆ ಬಿಪಿ ಇದೆ ಅಂತ ಗೊತ್ತಿರುವವರು ನೂರಕ್ಕೆ 37, ಹತೋಟಿಯಲ್ಲಿ ಇಟ್ಟುಕೊಂಡವರು ನೂರಕ್ಕೆ 15. ತಪಾಸಣೆಯ ಬಲೆಯೊಳಗೆ ಇರುವವರ ಪಾಡೇ ಇದು. ಹೊರಗಿರುವವರದ್ದು?

ಚಿಕ್ಕವರನ್ನೂ ಸೇರಿಸಿದ ಸಮೀಕ್ಷೆಗಳು ಇಲ್ಲದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15 ವರ್ಷ ಮೇಲ್ಪಟ್ಟವರನ್ನು ನೋಡಿತು. ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 21 ಮಂದಿಯ ಬಿಪಿ ಜಾಸ್ತಿ ಇತ್ತು ಅಥವಾ ಅವರು ಅದಕ್ಕೆ ಔಷಧಿ ತಗೊಳ್ಳುತ್ತಿದ್ದರು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ 20 ದಾಟಿದವರಲ್ಲಿ ಇದು ನೂರಕ್ಕೆ 35.5 ಅಂದಿತು. ಎರಡರಲ್ಲೂ ವಯಸ್ಸಾದವರದ್ದೇ ದೊಡ್ಡ ಪಾಲು ಅನ್ನೋದು ನಿಜ.

30ರ ಗೆರೆ ಎಳೆದವರು ದಡ್ಡರೇನಲ್ಲ. ವಯಸ್ಸಾದಂತೆ ಬಿಪಿ ಜಾಸ್ತಿಯಾಗುತ್ತದೆ, ಇರುವ ಸಿಬ್ಬಂದಿ ಕಡಿಮೆ, ಹೆಚ್ಚು ಜನ ಸಿಗುವ ಕಡೆ ಬಲೆ ಹಾಕೋಣ ಅನ್ನೋದು ಅವರ ಲೆಕ್ಕ. ಒಬ್ಬ ಆಶಾ ಕಾರ್ಯಕರ್ತೆಯ ತಲೆ ಮೇಲೆ ಎಷ್ಟು ರಿಜಿಸ್ಟರ್ ಇವೆ ಅಂತ ನೋಡಿದವರು ಇನ್ನೊಂದು ಹೊರಿಸಿ ಅನ್ನೋದಕ್ಕೆ ಹಿಂಜರಿಯುತ್ತಾರೆ. ಆದರೆ ನಮ್ಮ ಕಡೆ ದುಡಿಮೆ ಶುರುವಾಗುವುದೇ ಹದಿನೆಂಟಕ್ಕೆ, ಎಷ್ಟೋ ಸಲ ಅದಕ್ಕೂ ಮೊದಲು. 30 ತುಂಬುವ ಹೊತ್ತಿಗೆ ಆ ಹುಡುಗ ಹನ್ನೆರಡು ವರ್ಷ ಪಾಳಿಯಲ್ಲಿ ದುಡಿದಿರುತ್ತಾನೆ.

ಅಷ್ಟು ವರ್ಷ ಬಿಟ್ಟರೆ ಏನಾಗುತ್ತೆ? ಅಮೆರಿಕದಲ್ಲಿ ‘ಕಾರ್ಡಿಯಾ’ ಅನ್ನುವ ಅಧ್ಯಯನವೊಂದು 1985-86ರಲ್ಲಿ 18ರಿಂದ 30 ವರ್ಷದ 5,115 ಮಂದಿಯನ್ನು ಸೇರಿಸಿಕೊಂಡು ಅವರ ಬೆನ್ನು ಹತ್ತಿತು. 40ಕ್ಕೆ ಮೊದಲೇ ಬಿಪಿ ಏರಿದ್ದವರಿಗೆ ಮುಂದೆ ಹೃದಯಾಘಾತ, ಲಕ್ವಾ ಜಾಸ್ತಿ ಆಯಿತು ಅಂತ 2018ರಲ್ಲಿ ಅದರ ಫಲಿತಾಂಶ ಬಂತು. ಏರಿದ ಒತ್ತಡ ವರ್ಷಗಟ್ಟಲೆ ಹೃದಯದ ಗೋಡೆಯನ್ನು ದಪ್ಪ ಮಾಡುತ್ತದೆ, ಕಿಡ್ನಿಯ ಸಣ್ಣ ನಾಳಗಳನ್ನು ಕೆಡಿಸುತ್ತದೆ. ನೋವಿಲ್ಲ, ಜ್ವರ ಇಲ್ಲ. ತಲೆನೋವು ಬಂದರೆ ಬಿಪಿ, ಬರದಿದ್ದರೆ ಇಲ್ಲ ಅನ್ನೋ ನಂಬಿಕೆ ಸುಳ್ಳು. ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ.

2025ರ ಮೇ-ಜೂನ್‌ನಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವಿನ ಸುದ್ದಿ ಬಂದಾಗ ಇಡೀ ರಾಜ್ಯ ಗಾಬರಿಯಾಯಿತು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತಿತು. ಸರ್ಕಾರ ಜಯದೇವ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವುಗಳಲ್ಲಿ ಇದ್ದಕ್ಕಿದ್ದಂತೆ ಏರಿಕೆ ಆಗಿಲ್ಲ ಅಂತ ಅದು ಹೇಳಿತು, ಬಿಪಿ, ಶುಗರ್, ತಂಬಾಕಿನಂಥ ಹಳೇ ಕಾರಣಗಳ ಕಡೆಗೇ ಬೆರಳು ತೋರಿಸಿತು. ಆ ದಿನಗಳಲ್ಲಿ ನಮ್ಮ ಊರುಗಳಲ್ಲೂ ಹುಡುಗರು ಇಸಿಜಿ ಮಾಡಿಸಿಕೊಂಡರು. ಇಸಿಜಿ ನಾರ್ಮಲ್ ಅಂತ ಬಂದ ಕೂಡಲೇ ಎಲ್ಲರಿಗೂ ಸಮಾಧಾನ. 26ರ ಹರೆಯದವನ ಇಸಿಜಿ ನಾರ್ಮಲ್ ಇದ್ದೇ ಇರುತ್ತೆ, ಬಹುತೇಕ. ಅವನ ವಿಷಯದಲ್ಲಿ ಮುಂದಿನ ಇಪ್ಪತ್ತು ವರ್ಷದ ಸುಳಿವು ಕೊಡುವುದು ತೋಳಿನ ಪಟ್ಟಿ, ಅದಕ್ಕೆ ಖರ್ಚೂ ಇಲ್ಲ.

ಅಳತೆ

ಒಂದು ಸಾಮಾನ್ಯ ದೃಶ್ಯ ನೋಡಿ. ಹುಡುಗ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದಿದ್ದಾನೆ. ಬರುವ ದಾರಿಯಲ್ಲಿ ಚಹಾ ಕುಡಿದಿದ್ದಾನೆ, ಬಾಯಲ್ಲಿ ಗುಟ್ಕಾ ಇತ್ತು, ಬಾಗಿಲಲ್ಲಿ ಉಗಿದು ಒಳಗೆ ಬಂದ. ಸ್ಟೂಲಿನ ಮೇಲೆ ಕೂತ, ಬೆನ್ನಿಗೆ ಆಸರೆ ಇಲ್ಲ, ಕಾಲ ಮೇಲೆ ಕಾಲು. ಸಿಸ್ಟರ್ ತುಂಬು ತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ “ಹೆಸರೇನಪ್ಪ, ಯಾವೂರು?” ಅಂತ ಕೇಳುತ್ತಾರೆ. ಅವನು ಉತ್ತರ ಹೇಳುತ್ತಿರುವಾಗಲೇ ಮಷಿನ್ ಅಂಕಿ ತೋರಿಸುತ್ತದೆ. ಜೇಬಿನಲ್ಲಿ ಫೋನ್ ರಿಂಗಾಗುತ್ತಿದೆ.

ಇದರಲ್ಲಿ ಒಂದೊಂದು ತಪ್ಪೂ ಬಿಪಿಯನ್ನು ಕೆಲವು ಅಂಕಿ ಮೇಲಕ್ಕೆ ತಳ್ಳುತ್ತದೆ. ಎಲ್ಲ ಸೇರಿದರೆ ನಾರ್ಮಲ್ ಇದ್ದವನೂ ರೋಗಿಯಾಗುತ್ತಾನೆ. ಸರಿಯಾದ ಅಳತೆಗೆ ದೊಡ್ಡ ವಿದ್ಯೆ ಬೇಕಿಲ್ಲ. ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು, ಓಡಾಟ ಬೇಡ. ಮೂತ್ರಕ್ಕೆ ಹೋಗಿ ಬರಬೇಕು. ಐದು ನಿಮಿಷ ಸುಮ್ನೆ ಕೂರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ. ಪಟ್ಟಿ ಬರಿ ತೋಳಿಗೆ, ತೋಳು ಎದೆಯ ಮಟ್ಟಕ್ಕೆ. ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಜಿಮ್‌ಗೆ ಹೋಗುವ ದಪ್ಪ ತೋಳಿನವರಿಗೆ ದೊಡ್ಡ ಪಟ್ಟಿ ಬೇಕು, ಚಿಕ್ಕದನ್ನು ಎಳೆದು ಸುತ್ತಿದರೆ ಸುಳ್ಳು ಅಂಕಿ ಬರುತ್ತದೆ.

ಒಂದೇ ದಿನದ ಅಳತೆ ನೋಡಿ ಹಣೆಪಟ್ಟಿ ಹಚ್ಚುವಂತಿಲ್ಲ. ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನಮ್ಮ ದೇಶದ ಕಾರ್ಯಕ್ರಮದ ಪ್ರಕಾರ ಅದು ಬಿಪಿ. ಮನೆಯಲ್ಲಿ ನೋಡಿಕೊಂಡರೆ ಗಡಿ 135/85. ಅಮೆರಿಕದವರು 2017ರಿಂದ 130/80ಕ್ಕೇ ಎಚ್ಚರಿಕೆ ಗಂಟೆ ಬಾರಿಸುತ್ತಾರೆ. 130ರಿಂದ 139ರ ನಡುವೆ ಇರುವ ಇಪ್ಪತ್ತೈದರ ಹುಡುಗನಿಗೆ ಗುಳಿಗೆ ತಕ್ಷಣ ಬೇಕಿಲ್ಲದಿರಬಹುದು, ಆದರೆ ‘ನಿನಗೇನೂ ಇಲ್ಲ, ಹೋಗು’ ಅಂತ ಕಳಿಸುವುದೂ ತಪ್ಪು.

ಇನ್ನೊಂದು ಮಾತು. ನಮ್ಮಲ್ಲಿ ಎಲ್ಲರೂ ಕೇಳುವುದು ಮೇಲಿನ ಅಂಕಿ. “ನೂರಾ ಮೂವತ್ತು ಐತಿ, ಏನಾಗಂಗಿಲ್ಲ” ಅಂತಾರೆ. ಕೆಳಗಿನದು 96 ಇರುವುದನ್ನು ಯಾರೂ ನೋಡುವುದಿಲ್ಲ. ವಯಸ್ಸಾದವರಲ್ಲಿ ಮೇಲಿನ ಅಂಕಿ ಏರುವುದು ಜಾಸ್ತಿ, ಚಿಕ್ಕವರಲ್ಲಿ ಎಷ್ಟೋ ಸಲ ಕೆಳಗಿನದೊಂದೇ ಏರಿರುತ್ತದೆ. ಹಾಗಾಗಿ ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ, ತಾರೀಖಿನ ಸಮೇತ.

ಮಷಿನ್ ಕೊಳ್ಳುವುದಾದರೆ ತೋಳಿಗೆ ಸುತ್ತುವುದನ್ನೇ ಕೊಳ್ಳಿ. ಮಣಿಕಟ್ಟಿನದು ಅಷ್ಟು ನಂಬಿಕೆಗೆ ತಕ್ಕದ್ದಲ್ಲ. ಸ್ಮಾರ್ಟ್ ವಾಚಿನ ಮಾತು ಬಿಡಿ.

ಯಾಕೆ ಬಂತು

ಐವತ್ತರಲ್ಲಿ ಬಂದ ಬಿಪಿಗೂ ಇಪ್ಪತ್ತೈದರಲ್ಲಿ ಬಂದ ಬಿಪಿಗೂ ವ್ಯತ್ಯಾಸ ಇದೆ. 40ರೊಳಗೆ ಬಂದರೆ ‘ಇದರ ಹಿಂದೆ ಬೇರೆ ಏನಾದರೂ ಇದೆಯಾ’ ಅಂತ ಹುಡುಕಬೇಕು ಅನ್ನುತ್ತವೆ ವೈದ್ಯಕೀಯ ಮಾರ್ಗಸೂಚಿಗಳು. ಕಿಡ್ನಿ ತೊಂದರೆ ಮೊದಲ ಅನುಮಾನ. ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿರಬಹುದು, ಥೈರಾಯ್ಡ್ ಇರಬಹುದು, ಅಡ್ರಿನಲ್ ಗ್ರಂಥಿ ಇರಬಹುದು. ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರಿಗೆ ಆ ನಿದ್ದೆಯ ತೊಂದರೆಯೇ ಬಿಪಿ ಏರಿಸುತ್ತಿರಬಹುದು. ಮೂತ್ರ ಪರೀಕ್ಷೆ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ, ಶುಗರ್, ಇಸಿಜಿ ಇಷ್ಟನ್ನು ತಾಲೂಕು ಆಸ್ಪತ್ರೆಯಲ್ಲೇ ಕೇಳಬಹುದು. ಅದರಲ್ಲಿ ಏನಾದರೂ ಅನುಮಾನ ಬಂದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು (ಜನರ ಬಾಯಲ್ಲಿ ಇನ್ನೂ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವೆ. ನಿಜ ಹೇಳಬೇಕಂದರೆ ಹೆಚ್ಚಿನ ಹುಡುಗರಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ. ತೂಕ, ಉಪ್ಪು, ನಿದ್ದೆ, ಮನೆತನ ಇವೇ ಸಿಗುತ್ತವೆ. ಆದರೂ ಒಮ್ಮೆ ನೋಡಲೇಬೇಕು.

ನಮ್ಮ ಕಡೆಯ ಡಾಕ್ಟರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ಮೈಕೈ ನೋವಿಗೆ ಏನು ನುಂಗುತ್ತೀಯಪ್ಪ? ಸಂಡೂರಿನ ಗಣಿಯಲ್ಲಿ ದುಡಿಯುವವರು, ಗಂಗಾವತಿ, ಕಾರಟಗಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುವವರು, ಬಳ್ಳಾರಿಯ ಜೀನ್ಸ್ ಹೊಲಿಯುವವರು ದಿನದ ಕೊನೆಗೆ ಒಂದು ನೋವಿನ ಗುಳಿಗೆ ನುಂಗಿ ಮಲಗುವುದು ಮಾಮೂಲು. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಇಂಥವು ಮೈಯಲ್ಲಿ ಉಪ್ಪು-ನೀರು ಹಿಡಿದಿಡುತ್ತವೆ. ಬಿಪಿ ಏರುತ್ತದೆ, ತಗೊಳ್ಳುವ ಬಿಪಿ ಗುಳಿಗೆಯ ಶಕ್ತಿ ಕುಗ್ಗುತ್ತದೆ. ಅದರ ಮೇಲೆ ರಾಯಚೂರಿನ ಏಪ್ರಿಲ್ ಬಿಸಿಲು, ಬೆವರಿ ಬತ್ತಿದ ಮೈ. ಕಿಡ್ನಿಗೆ ಇದಕ್ಕಿಂತ ಕೆಟ್ಟ ಜೋಡಿ ಬೇಕಿಲ್ಲ. ಈ ಹುಡುಗರಲ್ಲಿ ಕೆಲವರಿಗೆ ಬಿಪಿ ಗುಳಿಗೆ ಕೊಡುವ ಮೊದಲು ನೋವಿನ ಗುಳಿಗೆ ಬಿಡಿಸುವುದೇ ಅರ್ಧ ಚಿಕಿತ್ಸೆ.

ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್ ಕೂಡ ಇದೇ ಪಟ್ಟಿಗೆ ಸೇರುತ್ತೆ. ನೈಟ್ ಶಿಫ್ಟಿನವರು, ಲಾರಿ ಓಡಿಸುವವರು ನಿದ್ದೆ ತಡೆಯೋಕೆ ಕುಡಿಯುತ್ತಾರೆ. ಒಳಗಿರುವ ಕೆಫೀನ್ ಕೆಲ ಗಂಟೆ ಬಿಪಿ ಏರಿಸುತ್ತದೆ, ಹಗಲು ಬರಬೇಕಿದ್ದ ನಿದ್ದೆಯನ್ನೂ ಕೆಡಿಸುತ್ತದೆ. ವಾರಕ್ಕೊಮ್ಮೆ ಪಾಳಿ ಬದಲಾಗುವವನಿಗೆ ‘ಎಂಟು ತಾಸು ಮಲಗು’ ಅನ್ನೋದು ಸುಲಭ. ತಗಡಿನ ಶೀಟಿನ ರೂಮಿನಲ್ಲಿ ನಾಲ್ಕು ಜನ ಇದ್ದು, ಹೊರಗೆ ನಲವತ್ತು ಡಿಗ್ರಿ ಇರುವಾಗ ಹಗಲು ಹನ್ನೊಂದಕ್ಕೆ ಯಾರು ಮಲಗುತ್ತಾರೆ?

ಗುಟ್ಕಾ, ಸಿಗರೇಟು, ಕುಡಿತ ಇವುಗಳ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, ಎಲ್ಲರಿಗೂ ಗೊತ್ತಿದೆ.

ಉಪ್ಪಿನ ಮಾತು

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ, ಅಡುಗೆಯದು, ಅಂಗಡಿ ತಿಂಡಿಯದು ಎಲ್ಲ ಸೇರಿ. ನಾವು ತಿನ್ನುವುದು ಅದಕ್ಕಿಂತ ತುಂಬಾ ಜಾಸ್ತಿ. ಇದನ್ನು ಇಲ್ಲಿ ಹೇಳಿದ ಕೂಡಲೇ ಬರುವ ಉತ್ತರವೂ ಗೊತ್ತು. “ಬೆವರಿನ್ಯಾಗ ಉಪ್ಪೆಲ್ಲ ಹೋಗತೈತಿ ಸರ್, ಉಪ್ಪು ಬಿಟ್ರ ದುಡಿಯೋದು ಹೆಂಗ?” ಇದು ನೆಪ ಅಂತ ತಳ್ಳಿಹಾಕುವಂತಿಲ್ಲ. ಕುಲುಮೆಯ ಮುಂದೆ, ಕ್ವಾರಿಯಲ್ಲಿ ಎಂಟು ತಾಸು ನಿಲ್ಲುವವನ ಮೈಯಿಂದ ಉಪ್ಪು ಹೋಗುವುದು ನಿಜ. ಆದರೆ ಬಿಸಿಲಿಗೆ ಒಗ್ಗಿದ ಮೈ ಬೆವರಿನಲ್ಲಿ ಉಪ್ಪು ಕಡಿಮೆ ಬಿಡುವುದನ್ನು ಒಂದೆರಡು ವಾರದಲ್ಲೇ ಕಲಿತುಕೊಳ್ಳುತ್ತದೆ. ಮತ್ತೆ, ಅಂಗಡಿಯಲ್ಲಿ ಕೂತು ಮೊಬೈಲ್ ರಿಪೇರಿ ಮಾಡುವವನೂ ಇದೇ ಮಾತು ಹೇಳುತ್ತಾನೆ. ಅದು ನೆಪ.

ಬಿಸಿಲಲ್ಲಿ ದುಡಿಯುವವನಿಗೆ ಮಧ್ಯಾಹ್ನದ ಮಜ್ಜಿಗೆಯ ಚಿಟಿಕೆ ಉಪ್ಪನ್ನು ಕಿತ್ತುಕೊಳ್ಳುವುದರಲ್ಲಿ ಅರ್ಥ ಇಲ್ಲ. ಕಡಿಮೆ ಮಾಡಬೇಕಾದದ್ದು ಬೇರೆ ಕಡೆ ಇದೆ. ನಮ್ಮ ಊಟವನ್ನೇ ನೋಡಿ. ಜೋಳದ ರೊಟ್ಟಿಗೆ ನಿಜಕ್ಕೂ ಉಪ್ಪೇ ಬೇಕಿಲ್ಲ. ಕಾಳುಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯೆ, ಸೌತೆಕಾಯಿ, ಮೊಸರು ಇವೆಲ್ಲ ಬಿಪಿಯವರಿಗೆ ಹೇಳಿ ಮಾಡಿಸಿದ ಊಟ. ಆ ತಟ್ಟೆಯ ಅಂಚಿನಲ್ಲಿ ಬಂದು ಕೂರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಕೆಂಪು ಚಟ್ನಿ ಇವೇ ಲೆಕ್ಕ ತಪ್ಪಿಸುವುದು. ಸಂಜೆ ವಗ್ಗರಣೆ-ಮಿರ್ಚಿ ಇದ್ದೇ ಇದೆ. ವಗ್ಗರಣೆಯ ಮಂಡಕ್ಕಿಗೂ ಮೊದಲೇ ಉಪ್ಪು ಬಿದ್ದಿರುತ್ತದೆ, ಮಿರ್ಚಿಯ ಹಿಟ್ಟಿಗೆ ಉಪ್ಪು-ಸೋಡ ಬೇರೆ. ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಮಿರ್ಚಿ ಬಿಡಿ ಅನ್ನುವ ಧೈರ್ಯ ನನಗಿಲ್ಲ. ದಿನಾ ತಿನ್ನುವವರು ವಾರಕ್ಕೊಂದೆರಡು ಸಲಕ್ಕೆ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ.

ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಇದನ್ನು ಕೊಟ್ಟು ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು, ಲಕ್ವಾ ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆಯ ಅಡುಗೆಗೆ ಇದನ್ನು ಬಳಸಬಹುದು ಅಂದಿತು. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಅಲ್ಲ. ಟೆಲ್ಮಿಸಾರ್ಟನ್ ಅನ್ನುವ ಬಿಪಿ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು, ಎರಡೂ ಸೇರಿ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು.

ಗುಳಿಗೆಯ ಭಯ

“ಒಮ್ಮಿ ಗುಳಿಗಿ ಚಾಲೂ ಮಾಡಿದ್ರ ಸಾಯೋತನಕ ಬಿಡಾಕ ಬರಂಗಿಲ್ಲ.” ಹುಡುಗರು ಗುಳಿಗೆ ಬಿಡುವುದಕ್ಕೆ ಅಥವಾ ಶುರುವೇ ಮಾಡದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಂಡಿಲ್ಲ. ಗುಳಿಗೆ ಚಟ ಹಿಡಿಸುವುದಿಲ್ಲ. ಬಿಟ್ಟರೆ ಬಿಪಿ ಮತ್ತೆ ಮೊದಲಿನ ಜಾಗಕ್ಕೆ ಹೋಗುತ್ತದೆ, ಅಷ್ಟೇ. ಮತ್ತೆ, ಚಿಕ್ಕ ವಯಸ್ಸಿನವರಲ್ಲಿ ತೂಕ ಇಳಿಸಿ, ಉಪ್ಪು-ಕುಡಿತ ಕಡಿಮೆ ಮಾಡಿ, ಡೋಸ್ ಇಳಿಸಿಕೊಂಡವರು, ಕೆಲವು ಸಲ ಡಾಕ್ಟರ ನಿಗಾದಲ್ಲಿ ಬಿಟ್ಟವರೂ ಇದ್ದಾರೆ. ತೂಕ ಒಂದು ಕೆಜಿ ಇಳಿದರೆ ಮೇಲಿನ ಅಂಕಿ ಸುಮಾರು ಒಂದು ಇಳಿಯುತ್ತದೆ ಅನ್ನೋದು ಒರಟು ಲೆಕ್ಕ. ಅರವತ್ತರವರಿಗಿಂತ ಇಪ್ಪತ್ತೈದರವರಿಗೆ ಈ ದಾರಿ ಸಲೀಸು.

ಎರಡನೇ ಭಯ ಮದುವೆಯದು. “ಹುಡುಗಗ ಬಿಪಿ ಐತಂತ” ಅನ್ನೋ ಮಾತು ಬೀಗರ ಊರು ಮುಟ್ಟಿದರೆ ಸಂಬಂಧ ಮುರಿಯುತ್ತೆ ಅಂತ ತಾಯಿಯೇ ಗುಳಿಗೆಯ ಪಟ್ಟಿಯನ್ನು ಟ್ರಂಕಿನಲ್ಲಿ ಮುಚ್ಚಿಡುತ್ತಾಳೆ. ಹುಡುಗಿಯಾದರಂತೂ ಮುಗೀತು. ಇದಕ್ಕೆ ಡಾಕ್ಟರ ಹತ್ತಿರ ಮದ್ದಿಲ್ಲ. ಆದರೆ ಕಾರ್ಡನ್ನು ಆಶಾ ಅಕ್ಕ ಮನೆ ಬಾಗಿಲಲ್ಲಿ ನಿಂತು ಜೋರಾಗಿ ಓದದಿದ್ದರೆ, ಗುಳಿಗೆಯನ್ನು ಎಲ್ಲರ ಮುಂದೆ ಹೆಸರು ಕೂಗಿ ಕೊಡದಿದ್ದರೆ ಎಷ್ಟೋ ಹುಡುಗರು ಉಳಿದುಕೊಳ್ಳುತ್ತಾರೆ.

ಖರ್ಚು ಇಲ್ಲಿ ಅಂಥ ಅಡ್ಡಿ ಏನಲ್ಲ. ಅಮ್ಲೊಡಿಪಿನ್, ಟೆಲ್ಮಿಸಾರ್ಟನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಜನೌಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿ. ಅಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ, ಮೂತ್ರ ಜಾಸ್ತಿ ಮಾಡಿಸುವ ಗುಳಿಗೆಯಿಂದ ಬಿಸಿಲಲ್ಲಿ ತಲೆ ಸುತ್ತಬಹುದು. ಇದನ್ನು ಮೊದಲ ದಿನವೇ ಹೇಳಿ ಕಳಿಸಿದರೆ ಹುಡುಗ ತಿರುಗಿ ಬಂದು ಬೇರೆ ಗುಳಿಗೆ ಕೇಳುತ್ತಾನೆ. ಹೇಳದಿದ್ದರೆ ಸುಮ್ನೆ ಬಿಟ್ಟುಬಿಡುತ್ತಾನೆ.

ಹೆಣ್ಣುಮಕ್ಕಳದ್ದು ಬೇರೆಯೇ ಕಥೆ. ಈ ವಯಸ್ಸಿನಲ್ಲಿ ತಪ್ಪದೆ ಬಿಪಿ ಅಳೆಸಿಕೊಳ್ಳುವವರು ಅವರೇ, ಗರ್ಭಿಣಿಯಾದಾಗ. ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳ ಅಂಕಿ ಇರುತ್ತದೆ. ಬಸುರಿಯಲ್ಲಿ ಬಿಪಿ ಏರಿದವರಿಗೆ ಮುಂದೆ ಖಾಯಂ ಬಿಪಿ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಗರ್ಭದ ನಂಜು (ಬಸುರಿಯಲ್ಲಿ ಬಿಪಿ ಏರಿ ಬರುವ ಪ್ರಿಎಕ್ಲಾಂಪ್ಸಿಯಾ) ಆದವರಿಗೆ ಹೃದಯದ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು. ಆದರೆ ಹೆರಿಗೆಯಾಗಿ ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಅಲ್ಲಿಂದ ಗಂಡನ ಊರಿಗೆ. ಆ ಮೇಲೆ ಮಗುವಿನ ಲಸಿಕೆಗೆ ಎಲ್ಲರೂ ಬೆನ್ನು ಬೀಳುತ್ತಾರೆ, ತಾಯಿಯ ಬಿಪಿ ಕೇಳುವವರಿಲ್ಲ. ಅದೇ ಲಸಿಕೆ ದಿನ ತಾಯಿಯ ತೋಳಿಗೂ ಪಟ್ಟಿ ಸುತ್ತಿದರೆ ಆಗಲ್ವಾ? ಅವಳು ಹೇಗೂ ಬಂದಿರುತ್ತಾಳೆ. ಇನ್ನೊಂದು ಎಚ್ಚರಿಕೆ: ಟೆಲ್ಮಿಸಾರ್ಟನ್, ಎನಲಾಪ್ರಿಲ್ ತರದ ಗುಳಿಗೆಗಳು ಗರ್ಭದ ಮಗುವಿಗೆ ಅಪಾಯ. ಮಗು ಬೇಕು ಅನ್ನುವವರು ಮೊದಲೇ ಹೇಳಿ ಬೇರೆ ಗುಳಿಗೆಗೆ ಬದಲಾಯಿಸಿಕೊಳ್ಳಬೇಕು. ಗರ್ಭಿಣಿ ಅಂತ ಗೊತ್ತಾದ ಮೇಲೆ ತಾವಾಗಿಯೇ ಎಲ್ಲ ನಿಲ್ಲಿಸಿಬಿಡುವುದೂ ಅಷ್ಟೇ ಅಪಾಯ.

180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಇದ್ಯಾವ ಚರ್ಚೆಯೂ ಬೇಡ, 108ಕ್ಕೆ ಫೋನ್ ಮಾಡಿ.

ದಾರಿ ಹಾಕುವುದು

2017ರಲ್ಲಿ ಶುರುವಾದ ಭಾರತ ಬಿಪಿ ನಿಯಂತ್ರಣ ಕಾರ್ಯಕ್ರಮ ಮೊದಲು ಪಂಜಾಬ್, ಮಧ್ಯಪ್ರದೇಶ, ಕೇರಳ, ತೆಲಂಗಾಣ, ಮಹಾರಾಷ್ಟ್ರದಲ್ಲಿ ನಡೆಯಿತು. ಅದರ ಗುಟ್ಟು ಸರಳ. ಎಲ್ಲರಿಗೂ ಒಂದೇ ಕ್ರಮದ ಗುಳಿಗೆ, ತಿಂಗಳಿಗಾಗುವಷ್ಟು ಒಮ್ಮೆಲೇ, ಮನೆಗೆ ಹತ್ತಿರದಲ್ಲಿ. ಬಾರದವರಿಗೆ ಫೋನ್. ಎಷ್ಟು ಜನರ ಬಿಪಿ ಹತೋಟಿಗೆ ಬಂತು ಅಂತ ಆಸ್ಪತ್ರೆವಾರು ಲೆಕ್ಕ. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ನಮ್ಮ ಹುಡುಗರಿಗೆ ಹೊಸ ಔಷಧಿ ಬೇಕಿಲ್ಲ. ಇದೇ ಕ್ರಮವನ್ನು ಅವರ ಪಾಳಿಗೆ, ಅವರ ಓಡಾಟಕ್ಕೆ ಹೊಂದಿಸಬೇಕು.

ಗೇಟಿನಿಂದ ಶುರು ಮಾಡೋಣ. ಎತ್ತರದ ಕೆಲಸಕ್ಕೆ ಬಿಪಿ ನೋಡುವುದು ತಪ್ಪಲ್ಲ, ಬಿದ್ದರೆ ಜೀವ ಹೋಗುತ್ತೆ. ಆದರೆ ಬಿಪಿ ಇದ್ದವನಿಗೆ ‘ಅನ್‌ಫಿಟ್’ ಬದಲು ಎರಡು ವಾರದ ಗುಳಿಗೆ, ನೆಲದ ಮೇಲಿನ ಕೆಲಸ, ಮರುತಪಾಸಣೆಯ ತಾರೀಖು ಕೊಟ್ಟರೆ ಅವನು ಮುಚ್ಚಿಡುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಸ್ವಂತ ಆರೋಗ್ಯ ಕೇಂದ್ರ ಇರುತ್ತದೆ. ಕಂಪನಿ ನೌಕರನಿಗೆ ಇರುವ ಅದರ ಬಾಗಿಲು ಗುತ್ತಿಗೆಯವನಿಗೂ ತೆರೆಯಬೇಕು. ಇದಕ್ಕೆ ಕಂಪನಿಗಳ ಮನಸ್ಸು ಕರಗಲಿ ಅಂತ ಕಾಯಬಾರದು, ಗುತ್ತಿಗೆದಾರನ ಕರಾರಿನಲ್ಲೇ ಬರೆಸಬೇಕು.

ರಕ್ತದಾನ ಶಿಬಿರಗಳಲ್ಲೂ ಹೀಗೇ. ಮಾರ್ಚ್ 17ಕ್ಕೆ, ಪುನೀತ್ ರಾಜಕುಮಾರ್ ಹುಟ್ಟುಹಬ್ಬಕ್ಕೆ, ನಮ್ಮ ಊರುಗಳಲ್ಲೂ ಹುಡುಗರು ರಕ್ತ ಕೊಡಲು ಸಾಲು ನಿಲ್ಲುತ್ತಾರೆ. 46ಕ್ಕೆ ಹೃದಯಾಘಾತದಿಂದ ಹೋದವರ ಹೆಸರಿನ ಶಿಬಿರ ಅದು. ನಿಯಮದ ಪ್ರಕಾರ 140/90 ಮೀರಿದವರಿಂದ ರಕ್ತ ತಗೊಳ್ಳುವಂತಿಲ್ಲ. ‘ಇವತ್ತು ಬೇಡ ತಮ್ಮ’ ಅಂತ ಬೆನ್ನು ತಟ್ಟಿ ಕಳಿಸುತ್ತಾರೆ. ಅವನ ಕೈಗೆ ಅಂಕಿ ಬರೆದ ಒಂದು ಚೀಟಿ, ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಹೆಸರು ಕೊಟ್ಟರೆ ಸಾಕಾಗಿತ್ತು.

ಕ್ಲಿನಿಕ್ಕಿನ ಹೊತ್ತು ಇನ್ನೊಂದು ತಲೆನೋವು. ಹೊರರೋಗಿ ವಿಭಾಗ ತೆಗೆದಿರುವ ಹೊತ್ತಿನಲ್ಲಿ ದುಡಿಯುವವನು ಕೆಲಸದಲ್ಲಿರುತ್ತಾನೆ, ಗುಳಿಗೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತೆ. ಪುಕ್ಕಟೆ ಗುಳಿಗೆಗೆ ಕೂಲಿಯಷ್ಟು ಬೆಲೆ ಬಿದ್ದ ಹಾಗಾಯಿತು. ವಾರಕ್ಕೊಂದು ಸಂಜೆ, ಅಥವಾ ಸಂತೆಯ ದಿನ, ಬಿಪಿ-ಶುಗರ್ ಕೌಂಟರ್ ತೆಗೆದರೆ ಸಂತೆಗೆ ಬಂದವನು ಹಾಗೇ ಗುಳಿಗೆ ತಗೊಂಡು ಹೋಗುತ್ತಾನೆ.

ಕೊನೆಗೆ ಉಳಿಯುವುದು ಗುಳೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರು ಬೆಂಗಳೂರಿನ ಕಟ್ಟಡಗಳಲ್ಲಿರುತ್ತಾರೆ. ತಿಂಗಳ ಗುಳಿಗೆ ಮುಗಿದ ಮೇಲೆ ಅವರು ಯಾವ ಪಿಎಚ್‌ಸಿಗೆ ಹೋಗಬೇಕು? ಕಾಗದದ ಕಾರ್ಡು ಊರಲ್ಲಿ ಗೋಡೆಗೆ ನೇತಾಡುತ್ತಿರುತ್ತದೆ. ಅದರ ಫೋಟೋ ಫೋನಿನಲ್ಲಿದ್ದರೆ ಯಾವ ಊರಿನ ಡಾಕ್ಟರಾದರೂ ಮುಂದುವರಿಸಬಹುದು. ಬಿಪಿ ಹತೋಟಿಯಲ್ಲಿ ಇರುವವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಲೇ ಕೊಡುವುದರಿಂದ ಅಪಾಯವೇನಿಲ್ಲ. ಇವರು ಊರಿಗೆ ತಿರುಗಿ ಬರುವ ದಿನಗಳೂ ಎಲ್ಲರಿಗೂ ಗೊತ್ತು. ಉಗಾದಿ, ಜನವರಿಯ ಕೊಪ್ಪಳ ಗವಿಮಠದ ಜಾತ್ರೆ, ಮುದಗಲ್‌ನ ಮೊಹರಂ. ಆ ವಾರ ಊರಿನ ಆರೋಗ್ಯ ಕೇಂದ್ರದಲ್ಲಿ ಅಳತೆ ನಡೆಯಬೇಕು, ಗುಳಿಗೆ ದಾಸ್ತಾನು ಮೂರು ಪಟ್ಟು ಇರಬೇಕು. ಜಾತ್ರೆಯ ತಿಂಗಳಿಗೆ ಇಂಡೆಂಟ್ (ಔಷಧಿಯ ಬೇಡಿಕೆ ಪಟ್ಟಿ) ಹಾಕುವಾಗ ಫಾರ್ಮಸಿಸ್ಟ್ ಈ ಲೆಕ್ಕವನ್ನು ಮೊದಲೇ ಹಿಡಿದಿದ್ದರೆ ಕೆಲಸ ಆಗುತ್ತದೆ. ಜಾತ್ರೆ ಮುಗಿದ ಮೇಲೆ ಬಂದ ಗುಳಿಗೆಯನ್ನು ತಗೊಳ್ಳಲು ಊರಲ್ಲಿ ಯಾರೂ ಇರುವುದಿಲ್ಲ.